ಜಿಂಕೆ, ಎಲ್ಕ್, ಮೂಸ್ ಬೇಟೆಗೆ ರೈಫಲ್ ಬುಲೆಟ್ ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬೇಟೆಗೆ ಹೊಸಬರು ಬಂದರೆ ಮೊದಲ ಪ್ರಶ್ನೆ ಇದೇ: ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ತೋಟಾ, ಒಳ್ಳೆಯದು? .308 ಸಾಕಾ, .30-06 ಬೇಕಾ, ಸುಮ್ನೆ ಒಂದು ಮ್ಯಾಗ್ನಮ್ಮೇ (ಹೆಚ್ಚು ಮದ್ದಿನ, ಹೆಚ್ಚು ವೇಗದ ತೋಟಾ) ತಗೊಂಡುಬಿಡಲಾ? ಹಳಬರೂ ಇದರ ಬಗ್ಗೆ ಗಂಟೆಗಟ್ಟಲೆ ಜಗಳ ಆಡುತ್ತಾರೆ. ಆದರೆ ಕೊನೆಗೆ ಪ್ರಾಣಿಯ ಮೈಗೆ ತಾಗುವುದು ತೋಟಾದ ತುದಿಯಲ್ಲಿ ಕೂತಿರುವ ಹತ್ತು ಗ್ರಾಂ ಲೋಹದ ತುಂಡು ತಾನೆ? ಅದು ಯಾವುದು ಅಂತ ಕೇಳಿ ನೋಡಿ, ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. ಅಂಗಡಿಯಲ್ಲಿ ಯಾವ ಡಬ್ಬ ಮುಂದೆ ಇತ್ತೋ ಅದು.

ನನ್ನ ಲೆಕ್ಕದಲ್ಲಿ ಬುಲೆಟ್ ಆರಿಸುವುದಕ್ಕೆ ಒಂದೇ ಕೀಲಿ ಇದೆ. ಗುಂಡು ಪ್ರಾಣಿಯನ್ನು ಮುಟ್ಟುವ ಹೊತ್ತಿಗೆ ಎಷ್ಟು ವೇಗ ಉಳಿದಿರುತ್ತದೆ, ಮತ್ತು ಆ ವೇಗದಲ್ಲಿ ತಾಗಿದಾಗ ಆ ಗುಂಡು ಏನಾಗುತ್ತದೆ. ಇದಕ್ಕೆ ಉತ್ತರ ಸಿಕ್ಕಿತು ಅಂದರೆ ಬ್ರ್ಯಾಂಡ್, ತೂಕ, ಬೆಲೆ ಎಲ್ಲ ತಾನಾಗಿ ಕಡಿಮೆಯಾಗುತ್ತಾ ಬಂದು ಎರಡು ಮೂರು ಡಬ್ಬಗಳಿಗೆ ನಿಲ್ಲುತ್ತದೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಬಗೆಯ ಬೇಟೆಗೆ ಜಾಗವಿಲ್ಲ. ಇಲ್ಲಿ ಬರೆದಿರುವುದು ಬೇಟೆಗೆ ಅನುಮತಿ ಇರುವ ದೇಶಗಳಲ್ಲಿ, ಲೈಸೆನ್ಸ್ ಇಟ್ಟುಕೊಂಡು, ಸೀಸನ್ ನೋಡಿ ಬೇಟೆಯಾಡುವವರಿಗೆ.

ಹೆಜ್ಜೆ 1: ಗುಂಡಿನ ಕೆಲಸ ಏನು ಅಂತ ತಿಳಿದುಕೊಳ್ಳಿ

ರೈಫಲ್‌ಗೆ ತುಂಬುವ ಇಡೀ ಸಾಮಾನು ತೋಟಾ: ಹಿತ್ತಾಳೆ ಕೇಸು, ಬುಡದಲ್ಲಿ ಪ್ರೈಮರ್ (ಪೆಟ್ಟು ಬಿದ್ದರೆ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಒಳಗೆ ಮದ್ದು, ತುದಿಯಲ್ಲಿ ಗುಂಡು. ಟ್ರಿಗರ್ ಎಳೆದಾಗ ಹಾರಿ ಹೋಗುವುದು ಆ ಗುಂಡು ಮಾತ್ರ. ಇಲ್ಲಿ ಬುಲೆಟ್ ಅಂದರೂ ಗುಂಡು ಅಂದರೂ ಅದೇ.

ಸಿನಿಮಾದಲ್ಲಿ ತೋರಿಸುವ ಹಾಗೆ ಗುಂಡಿನ ರಭಸಕ್ಕೆ ಪ್ರಾಣಿ ಹಾರಿ ಬೀಳುವುದಿಲ್ಲ. ರಕ್ತ ಹೋಗಿ ಸಾಯುತ್ತದೆ. ಎರಡೂ ಶ್ವಾಸಕೋಶ ಹರಿದರೆ, ಇಲ್ಲ ಹೃದಯಕ್ಕೆ ತಾಗಿದರೆ, ಮಿದುಳಿಗೆ ರಕ್ತ ಹೋಗುವುದು ನಿಂತು ಕೆಲವೇ ಸೆಕೆಂಡಲ್ಲಿ ಕುಸಿಯುತ್ತದೆ. ಆ ಕೆಲವೇ ಸೆಕೆಂಡಲ್ಲಿ ಜಿಂಕೆ ನೂರು ಗಜ ಓಡಿಬಿಡಬಹುದು. ಈಡು ಸರಿಯಾಗಿಯೇ ಬಿದ್ದಿದ್ದರೂ ಓಡುತ್ತದೆ, ಗಾಬರಿ ಬೇಡ.

ಹಾಗಾಗಿ ಗುಂಡಿಗೆ ಎರಡು ಕೆಲಸ. ತೊಗಲು, ಮಾಂಸ, ಬೇಕಾದರೆ ಎಲುಬು ದಾಟಿ ಒಳಗೆ ತಲುಪಬೇಕು. ತಲುಪಿದ ಮೇಲೆ ಅಗಲವಾದ ದಾರಿ ಮಾಡಬೇಕು. ಅಗಲ ಆಗುವುದಕ್ಕೆ ಗುಂಡಿನ ಮೂತಿ ಅಣಬೆಯ ಹಾಗೆ ಅರಳಬೇಕು, ಮೂಲ ಅಗಲದ ಒಂದೂವರೆಯಿಂದ ಎರಡು ಪಟ್ಟು. ತೊಂದರೆ ಏನಪ್ಪಾ ಅಂದರೆ ಈ ಎರಡು ಕೆಲಸಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ. ಬೇಗ, ಜಾಸ್ತಿ ಅರಳಿದರೆ ಆಳಕ್ಕೆ ಹೋಗುವುದಿಲ್ಲ. ಅರಳದೇ ಇದ್ದರೆ ಆಳಕ್ಕೆ ಹೋಗಿ ಆ ಕಡೆಯಿಂದ ಆಚೆ ಬಂದು ಮಣ್ಣಿಗೆ ಬೀಳುತ್ತದೆ, ಪ್ರಾಣಿಯಲ್ಲಿ ಒಂದು ಸಣ್ಣ ತೂತು ಮಾತ್ರ ಉಳಿಯುತ್ತದೆ. ಬುಲೆಟ್ ಕಂಪನಿಗಳು ಮಾಡುತ್ತಿರುವುದೆಲ್ಲ ಈ ಎರಡರ ನಡುವೆ ರಾಜಿ.

ಸೈನ್ಯದವರು ಬಳಸುವ ಫುಲ್ ಮೆಟಲ್ ಜಾಕೆಟ್, ಅಂದರೆ ಮೂತಿಯನ್ನೂ ಸೇರಿಸಿ ತಾಮ್ರದ ಹೊದಿಕೆ ಇರುವ ಗುಂಡು, ಅರಳಬಾರದು ಅಂತಲೇ ಮಾಡಿದ್ದು. 1890ರ ದಶಕದಲ್ಲಿ ಕಲ್ಕತ್ತಾ ಹತ್ತಿರದ ದಮ್‌ದಮ್ ಕಾರ್ಖಾನೆಯಲ್ಲಿ ಬ್ರಿಟಿಷರು ಮೂತಿ ಬಿಟ್ಟ .303 ಗುಂಡು ಮಾಡಿದರು, ಅದರ ಮೇಲೆ ಗಲಾಟೆಯಾಗಿ 1899ರ ಹೇಗ್ ಘೋಷಣೆಯಲ್ಲಿ ಯುದ್ಧಕ್ಕೆ ಅರಳುವ ಗುಂಡು ಬೇಡ ಅಂತ ಆಯಿತು. ಬೇಟೆಯಲ್ಲಿ ನಿಯಮ ಪೂರ್ತಿ ಉಲ್ಟಾ. ಅರಳದ ಗುಂಡಿನಿಂದ ಪ್ರಾಣಿ ಗಾಯಗೊಂಡು ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ, ಅದಕ್ಕೇ ಬಹಳ ಕಡೆ ದೊಡ್ಡ ಪ್ರಾಣಿಗೆ ಫುಲ್ ಮೆಟಲ್ ಜಾಕೆಟ್ ಬಳಸುವುದು ಕಾನೂನುಬಾಹಿರ. ಅಗ್ಗಕ್ಕೆ ಸಿಗುತ್ತದೆ ಅಂತ ತಂದರೆ ಗುರಿ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಹೆಜ್ಜೆ 2: ನೀವು ಹೋಗುವ ಜಾಗದ ನಿಯಮ ಓದಿ

ಇದು ಬೇಗ ಮುಗಿಯುವ ಕೆಲಸ, ಆದರೆ ಬಿಡುವ ಹಾಗಿಲ್ಲ. ಜರ್ಮನಿಯಲ್ಲಿ ಚಿಕ್ಕ ರೋ ಜಿಂಕೆಗೆ 100 ಮೀಟರ್ ದೂರದಲ್ಲಿ ಕನಿಷ್ಠ 1,000 ಜೂಲ್ ಶಕ್ತಿ ಉಳಿದಿರಬೇಕು. ಅದಕ್ಕಿಂತ ದೊಡ್ಡ ಗೊರಸಿನ ಪ್ರಾಣಿಗಳಿಗೆ ಕನಿಷ್ಠ 6.5 ಮಿ.ಮೀ. ಕ್ಯಾಲಿಬರ್ ಮತ್ತು 2,000 ಜೂಲ್. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ಬಳಸುವ ಹಾಗಿಲ್ಲ. ಡೆನ್ಮಾರ್ಕ್ 2024ರ ಏಪ್ರಿಲ್‌ನಿಂದ ರೈಫಲ್ ಗುಂಡಿಗೂ ಸೀಸ ನಿಲ್ಲಿಸಿತು. ಆಫ್ರಿಕಾದ ಹಲವು ದೇಶಗಳಲ್ಲಿ ಕಾಡೆಮ್ಮೆಯಂಥ ಅಪಾಯದ ಪ್ರಾಣಿಗೆ .375 ಕ್ಕಿಂತ ಕಡಿಮೆ ಇದ್ದರೆ ನಡೆಯುವುದಿಲ್ಲ. ನಿಮ್ಮ ಆಯ್ಕೆಯಲ್ಲಿ ಅರ್ಧ ಇಲ್ಲೇ ಮುಗಿದುಹೋಗಬಹುದು, ಆದ್ದರಿಂದ ಡಬ್ಬ ಕೊಳ್ಳುವ ಮೊದಲು ಆ ವರ್ಷದ ನಿಯಮ ಓದಿಕೊಳ್ಳಿ.

ಹೆಜ್ಜೆ 3: ಪ್ರಾಣಿ ಯಾವುದು, ದೂರ ಎಷ್ಟು, ಯಾವ ಕೋನ

ಒಂದು ಕಾಗದ ತೆಗೆದುಕೊಂಡು ಮೂರು ವಿಷಯ ಬರೆಯಿರಿ. ಅತಿ ದೊಡ್ಡ ಪ್ರಾಣಿ ಯಾವುದು ಸಿಗಬಹುದು. ಅತಿ ಹತ್ತಿರ ಎಷ್ಟು. ಅತಿ ದೂರ ಎಷ್ಟು.

ವೈಟ್‌ಟೇಲ್ ಜಿಂಕೆ ಗಾತ್ರದ ಪ್ರಾಣಿಯ ಪಕ್ಕೆಲುಬು ತೆಳು. ಪಕ್ಕಕ್ಕೆ ತಿರುಗಿ ನಿಂತಿದ್ದರೆ ಯಾವ ಮಾಮೂಲಿ ಸಾಫ್ಟ್ ಪಾಯಿಂಟ್ (ಮೂತಿಯಲ್ಲಿ ಸೀಸ ಕಾಣುವ ಗುಂಡು) ಆದರೂ ಕೆಲಸ ಆಗುತ್ತದೆ, ಇದಕ್ಕೆ ತಲೆ ಕೆಡಿಸಿಕೊಳ್ಳುವುದೇ ಬೇಡ. ಎಲ್ಕ್, ಮೂಸ್ ಜಿಂಕೆಯ ಜಾತಿಯವೇ ಆದರೂ ಭಾರೀ ಗಾತ್ರದವು, ಅವುಗಳ ವಿಷಯ ಬೇರೆ. ಮುಂಗಾಲಿನ ಮೇಲ್ಮೂಳೆ ದಪ್ಪ, ಮಾಂಸವೂ ದಪ್ಪ. ಗಂಡು ಕಾಡುಹಂದಿಗೆ ಹೆಗಲ ಮೇಲೆ ಗಟ್ಟಿ ಗುರಾಣಿಯಂಥ ತೊಗಲಿರುತ್ತದೆ, ಅದರ ಮೇಲೆ ಒಣಗಿದ ಕೆಸರು ಬೇರೆ.

ಕೋನವನ್ನು ಜನ ಮರೆಯುತ್ತಾರೆ. ಪ್ರಾಣಿ ಪೂರ್ತಿ ಪಕ್ಕಕ್ಕೆ ನಿಂತಿದ್ದರೆ ಗುಂಡು ಹೋಗಬೇಕಾದ ದಾರಿ ಚಿಕ್ಕದು. ಹಿಂದಿನಿಂದ ಓರೆಯಾಗಿ ಹೊಡೆದರೆ ಹೊಟ್ಟೆಯ ಅಂಚು ದಾಟಿ ಆಚೆ ಹೆಗಲವರೆಗೂ ಹೋಗಬೇಕು, ದಾರಿ ಎರಡು ಪಟ್ಟಾಗುತ್ತದೆ. ಎದುರಿನಿಂದ ಓರೆಯಾದರೆ ಮೊದಲು ಸಿಗುವುದೇ ಹೆಗಲ ಮೂಳೆ. ನಾನು ಪಕ್ಕಕ್ಕೆ ತಿರುಗುವವರೆಗೂ ಕಾಯುತ್ತೇನೆ, ಬೇರೆ ಕೋನದಲ್ಲಿ ಹೊಡೆಯುವುದೇ ಇಲ್ಲ ಅನ್ನುವ ತಾಳ್ಮೆ ನಿಮಗಿದ್ದರೆ ಮೆತ್ತಗಿನ ಗುಂಡು ಸಾಕು. ಸಿಕ್ಕ ಅವಕಾಶ ಬಿಡಲಾರೆ ಅನ್ನುವವರು ಗಟ್ಟಿ ಗುಂಡಿಗೆ ಹೋಗಿ.

ಹೆಜ್ಜೆ 4: ತಾಗುವ ವೇಗದ ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಉಳಿದ ಎಲ್ಲ ಹೆಜ್ಜೆ ಇದರ ಮೇಲೆ ನಿಂತಿವೆ.

ಡಬ್ಬದ ಮೇಲೆ ಬರೆದಿರುವ ದೊಡ್ಡ ಸಂಖ್ಯೆ ಗುಂಡು ನಳಿಗೆ ಬಿಡುವಾಗಿನ ವೇಗ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 100, 200, 300 ಗಜದ ವೇಗವೂ ಇರುತ್ತದೆ, ನೋಡಬೇಕಾದ್ದು ಅದು. ಮಾಮೂಲಿ .308 ವಿಂಚೆಸ್ಟರ್, 150 ಗ್ರೇನ್ (ಗುಂಡಿನ ತೂಕದ ಅಳತೆ, ಹೆಜ್ಜೆ 6ರಲ್ಲಿ ಹೇಳುತ್ತೇನೆ) ಸಾಫ್ಟ್ ಪಾಯಿಂಟ್ ತೆಗೆದುಕೊಳ್ಳಿ. ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 2,820 ಅಡಿ. 100 ಗಜದಲ್ಲಿ 2,530, 200 ಗಜದಲ್ಲಿ 2,260, 300 ಗಜಕ್ಕೆ ಬರುವಷ್ಟರಲ್ಲಿ 2,000 ಚಿಲ್ಲರೆ. 400 ಗಜಕ್ಕೆ 1,800 ಕ್ಕಿಂತ ಕೆಳಗೆ ಇಳಿದಿರುತ್ತದೆ.

ಈಗ ಇದನ್ನು ಗುಂಡಿನ ಜೊತೆ ಹೊಂದಿಸಿ. ಪ್ರತಿ ಗುಂಡಿಗೂ ಒಂದು ಕೆಳಗಿನ ಮಿತಿ ಇರುತ್ತದೆ, ಅದಕ್ಕಿಂತ ನಿಧಾನವಾಗಿ ತಾಗಿದರೆ ಸರಿಯಾಗಿ ಅರಳುವುದಿಲ್ಲ. ಸೀಸದ ಮಾಮೂಲಿ ಗುಂಡುಗಳಿಗೆ ಸುಮಾರು 1,800 ಅಡಿ ಅಂತ ಇಟ್ಟುಕೊಳ್ಳಬಹುದು. ಪೂರ್ತಿ ತಾಮ್ರದ ಗುಂಡುಗಳಿಗೆ ನಾನು 2,000 ಅಡಿ ಹಿಡಿಯುತ್ತೇನೆ, ಕಂಪನಿಯವರು ಅದಕ್ಕಿಂತ ಕಡಿಮೆ ಹೇಳಿದರೂ ಸರಿ. ದೂರದ ಹೊಡೆತಕ್ಕೇ ಮಾಡಿದ ಕೆಲವು ಗುಂಡುಗಳು ಇನ್ನೂ ಕಡಿಮೆ ವೇಗದಲ್ಲೂ ಅರಳುತ್ತವೆ. ಸರಿಯಾದ ಸಂಖ್ಯೆ ಆಯಾ ಗುಂಡಿನ ವಿವರದಲ್ಲಿ ಸಿಗುತ್ತದೆ, ಸಿಗದಿದ್ದರೆ ಕಂಪನಿಗೆ ಬರೆದು ಕೇಳಿ, ಉತ್ತರ ಕೊಡುತ್ತಾರೆ.

ಮೇಲಿನ ಮಿತಿಯೂ ಇದೆ. ಅದು ಡಬ್ಬದ ಮೇಲೆ ಬರೆದಿರುವುದಿಲ್ಲ. ಮೆತ್ತಗಿನ ಗುಂಡು ತೀರಾ ಜೋರಾಗಿ ತಾಗಿದರೆ ಅರಳುವ ಬದಲು ಚೂರಾಗುತ್ತದೆ. ಮೂವತ್ತು ಗಜದಲ್ಲಿ .300 ವಿಂಚೆಸ್ಟರ್ ಮ್ಯಾಗ್ನಮ್‌ನಿಂದ ತೆಳು ಹೊದಿಕೆಯ ಗುಂಡು ಹೆಗಲ ಮೂಳೆಗೆ ಹೊಡೆದರೆ ಹೊರಗೆ ಭಯಂಕರ ಗಾಯ ಕಾಣುತ್ತದೆ, ಒಳಗೆ ಶ್ವಾಸಕೋಶಕ್ಕೆ ಏನೂ ಆಗದೆಯೂ ಇರಬಹುದು. "ಅಷ್ಟು ದೊಡ್ಡ ರೈಫಲ್‌ನಲ್ಲಿ ಹೊಡೆದರೂ ಓಡಿಹೋಯಿತು" ಅಂತ ಜನ ಹೇಳುವ ಕಥೆಗಳಲ್ಲಿ ಗುರಿ ತಪ್ಪಿದ್ದು ಬಿಟ್ಟರೆ ಉಳಿದದ್ದು ಬಹುಪಾಲು ಇದೇ.

ಇದನ್ನು ಮೊದಲು ಸರಿಯಾಗಿ ಹಿಡಿದವರು ಅಮೆರಿಕದ ಜಾನ್ ನಾಸ್ಲರ್. 1946ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ .300 ಎಚ್ ಅಂಡ್ ಎಚ್ ಮ್ಯಾಗ್ನಮ್‌ನಿಂದ ಒಂದು ಮೂಸ್‌ಗೆ ಹೊಡೆದರು. ಅದರ ಮೈಯೆಲ್ಲ ಕೆಸರು ಮೆತ್ತಿತ್ತು. ಗುಂಡುಗಳು ಮೇಲೇ ಒಡೆದುಹೋದವು, ಒಳಗೆ ಇಳಿಯಲಿಲ್ಲ. ಹೊಸ ಮ್ಯಾಗ್ನಮ್ ವೇಗಕ್ಕೆ ಹಳೇ ಕಾಲದ ಗುಂಡು ತಡೆಯುತ್ತಿರಲಿಲ್ಲ. ಆಮೇಲೆ ಅವರು ಮಾಡಿದ್ದೇ ನಾಸ್ಲರ್ ಪಾರ್ಟಿಷನ್. ಗುಂಡಿನ ನಡುವೆ ತಾಮ್ರದ ಒಂದು ಅಡ್ಡಗೋಡೆ, ಮುಂದಿನ ಸೀಸ ಅರಳಿ ಹರಿದುಹೋದರೂ ಹಿಂದಿನ ಅರ್ಧ ಹಾಗೇ ಉಳಿದು ಒಳಗೆ ನುಗ್ಗುತ್ತದೆ. 1948ರಲ್ಲಿ ಕಂಪನಿ ಶುರುವಾಯಿತು, ಆ ಗುಂಡು ಇವತ್ತಿಗೂ ಮಾರಾಟದಲ್ಲಿದೆ.

ಇದಕ್ಕೆ ಉಲ್ಟಾ ಉದಾಹರಣೆ ಬೇಕಾದರೆ .30-30 ನೋಡಿ. 1895ರ ತೋಟಾ, 170 ಗ್ರೇನ್ ಗುಂಡು ನಳಿಗೆಯಲ್ಲೇ 2,200 ಅಡಿ, 100 ಗಜಕ್ಕೆ 1,900 ರ ಹತ್ತಿರ. ಇಷ್ಟು ನಿಧಾನದಲ್ಲೂ ಅರಳಲಿ ಅಂತ ಅದರ ಗುಂಡನ್ನು ತುಂಬ ಮೆತ್ತಗೆ ಮಾಡಿರುತ್ತಾರೆ. .30-30, .308, .30-06, .300 ವಿಂಚೆಸ್ಟರ್ ಮ್ಯಾಗ್ನಮ್, ಎಲ್ಲದರ ಗುಂಡಿನ ಅಗಲವೂ ಒಂದೇ, 0.308 ಇಂಚು. ಮನೆಯಲ್ಲೇ ತೋಟಾ ತುಂಬುವವರು .30-30ಗೆ ಅಂತ ಮಾಡಿದ ಗುಂಡನ್ನು ಮ್ಯಾಗ್ನಮ್‌ಗೆ ಹಾಕಿದರೆ ಅದು ಒಡೆಯುತ್ತದೆ, ಮ್ಯಾಗ್ನಮ್‌ನ ಗಟ್ಟಿ ಗುಂಡನ್ನು .30-30ಗೆ ಹಾಕಿದರೆ ಅರಳುವುದೇ ಇಲ್ಲ. ಲಿವರ್ ಆಕ್ಷನ್ ರೈಫಲ್‌ನ ಕೊಳವೆ ಮ್ಯಾಗಜಿನ್‌ನಲ್ಲಿ ಇನ್ನೊಂದು ಅಪಾಯ ಇದೆ: ಒಂದು ತೋಟಾದ ಮೂತಿ ಮುಂದಿನದರ ಪ್ರೈಮರ್‌ಗೆ ಒತ್ತಿಕೊಂಡಿರುತ್ತದೆ. ಗಟ್ಟಿ ಚೂಪು ಮೂತಿ ಇದ್ದರೆ ರೈಫಲ್ ಒದೆಯುವಾಗ ಒಳಗೇ ಸಿಡಿಯಬಹುದು. ಆದ್ದರಿಂದ ಅಲ್ಲಿಗೆ ಚಪ್ಪಟೆ ಮೂತಿಯದ್ದು, ಇಲ್ಲ ಅದಕ್ಕೆಂದೇ ಮಾಡಿದ ಮೆತ್ತನೆ ರಬ್ಬರಿನಂಥ ತುದಿಯದ್ದು ಮಾತ್ರ.

ಹಾಗಾದರೆ ಮಾಡಬೇಕಾದ್ದು ಏನು? ಹೆಜ್ಜೆ 3ರಲ್ಲಿ ಬರೆದ ಅತಿ ಹತ್ತಿರದ ಮತ್ತು ಅತಿ ದೂರದ ಅಳತೆಗೆ ವೇಗ ಎಷ್ಟು ಅಂತ ಪಕ್ಕದಲ್ಲಿ ಬರೆಯಿರಿ. ಕಂಪನಿಗಳು 24 ಇಂಚಿನ ನಳಿಗೆಯಲ್ಲಿ ಅಳೆದಿರುವುದೇ ಹೆಚ್ಚು. ನಿಮ್ಮದು 20 ಇಂಚಾದರೆ ಇಂಚಿಗೆ ಅಂದಾಜು 25 ಅಡಿ ಕಳೆಯಿರಿ, ಒಟ್ಟು ನೂರು ಅಡಿ ಹೋಯಿತು. ಯಾರ ಹತ್ತಿರವಾದರೂ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇದ್ದರೆ ಅಂದಾಜು ಯಾಕೆ, ಅಳೆದೇ ನೋಡಿ. ಆ ಎರಡು ವೇಗದ ನಡುವೆ ಸರಿಯಾಗಿ ಕೆಲಸ ಮಾಡುವ ಗುಂಡು ನಿಮಗೆ ಬೇಕಾಗಿರುವುದು.

ಶಕ್ತಿಯ ಲೆಕ್ಕ? ಜಿಂಕೆಗೆ 1,000 ಅಡಿ-ಪೌಂಡ್, ಎಲ್ಕ್‌ಗೆ 1,500 ಅಂತ ಹಳೇ ಗಾದೆ ಇದೆ. ಆ .308 ಗುಂಡಿಗೆ 300 ಗಜದಲ್ಲೂ 1,300 ರ ಮೇಲೆ ಇರುತ್ತದೆ. ಅಂದಾಜಿಗೆ ಪರವಾಗಿಲ್ಲ, ಆದರೆ ಅರಳದೇ ಆಚೆ ಹೋದ ಗುಂಡಿನ ಶಕ್ತಿ ಪೂರ್ತಿ ಮಣ್ಣುಪಾಲು. ನಾನು ಶಕ್ತಿಗಿಂತ ವೇಗವನ್ನೇ ನೋಡುವುದು.

ಹೆಜ್ಜೆ 5: ಗುಂಡು ಕಟ್ಟಿರುವ ರೀತಿ ಆರಿಸಿ

ಹೆಸರುಗಳು ನೂರಾರು, ಜಾತಿಗಳು ನಾಲ್ಕೈದೇ.

ಮೊದಲನೆಯದು ಹಳೇ ಮಾದರಿ, ಸಾಫ್ಟ್ ಪಾಯಿಂಟ್: ಸೀಸದ ತಿರುಳು, ಮೇಲೆ ತಾಮ್ರದ ಹೊದಿಕೆ, ಮೂತಿಯಲ್ಲಿ ಸೀಸ ಕಾಣುತ್ತಿರುತ್ತದೆ. ರೆಮಿಂಗ್ಟನ್ ಕೋರ್-ಲಾಕ್ಟ್ 1939ರಿಂದ ಇದೆ. ವಿಂಚೆಸ್ಟರ್ ಪವರ್-ಪಾಯಿಂಟ್, ಹಾರ್ನಡಿ ಇಂಟರ್‌ಲಾಕ್, ಸಿಯೆರಾ ಗೇಮ್‌ಕಿಂಗ್ ಇದೇ ಗುಂಪಿನವು. ಪ್ರಾಣಿಯ ಒಳಗೆ ತೂಕದ ಒಂದಿಷ್ಟು ಭಾಗ ಚೂರಾಗಿ ಹೋಗುತ್ತದೆ, ಅರ್ಧದಿಂದ ಮುಕ್ಕಾಲು ಉಳಿಯುತ್ತದೆ. ಬೆಲೆ ಕಡಿಮೆ. .308, .270, 6.5 ಕ್ರೀಡ್‌ಮೂರ್‌ನಂಥ ಮಧ್ಯಮ ವೇಗದ ತೋಟಾಗಳಲ್ಲಿ, 250 ಗಜದ ಒಳಗೆ, ಜಿಂಕೆಗೆ ಇದಕ್ಕಿಂತ ಹೆಚ್ಚು ದುಡ್ಡು ಹಾಕುವುದು ಬರೀ ಶೋಕಿ ಅಂತ ನನ್ನ ಅಭಿಪ್ರಾಯ. ಬೇಕಾದರೆ ಬೈಯಿರಿ.

ಇದಕ್ಕೇ ಪ್ಲಾಸ್ಟಿಕ್ ತುದಿ ಸೇರಿಸಿದರೆ ಎರಡನೆಯದು. ನಾಸ್ಲರ್ ಬ್ಯಾಲಿಸ್ಟಿಕ್ ಟಿಪ್, ಹಾರ್ನಡಿ ಎಸ್‌ಎಸ್‌ಟಿ, ಇಎಲ್‌ಡಿ-ಎಕ್ಸ್. ತುದಿ ಚೂಪಾಗಿರುವುದರಿಂದ ಗಾಳಿಯಲ್ಲಿ ವೇಗ ಕಳೆದುಕೊಳ್ಳುವುದು ಕಡಿಮೆ, ತಾಗಿದ ಕೂಡಲೇ ತುದಿ ಹಿಂದಕ್ಕೆ ಒತ್ತಿ ಗುಂಡನ್ನು ತೆರೆಯುತ್ತದೆ. ದೂರದ ಹೊಡೆತಕ್ಕೆ ಚೆನ್ನ. ಹತ್ತಿರದಿಂದ, ಅದರಲ್ಲೂ ಮ್ಯಾಗ್ನಮ್‌ನಿಂದ ಹೊಡೆದರೆ ಮಾಂಸ ಹಾಳು. ಚರ್ಮ ಸುಲಿದಾಗ ಗೊತ್ತಾಗುತ್ತದೆ: ಹೆಗಲ ಸುತ್ತ ಅಂಗೈ ಅಗಲ ಜಾಗ ಕಪ್ಪುಕೆಂಪಾಗಿ, ರಕ್ತ ಹೆಪ್ಪುಗಟ್ಟಿ ಲೊಳೆಯಾಗಿರುತ್ತದೆ, ಅದರೊಳಗೆ ಎಲುಬಿನ ಚೂರು, ಬೆರಳಿಗೆ ಚುಚ್ಚುವ ತಾಮ್ರದ ಚೂರು. ಅಷ್ಟೂ ಕತ್ತರಿಸಿ ಎಸೆಯಬೇಕು.

ಮೂರನೆಯದು ಬಾಂಡೆಡ್. ಸೀಸವನ್ನೂ ಹೊದಿಕೆಯನ್ನೂ ಬೇರ್ಪಡದ ಹಾಗೆ ಬೆಸೆದಿರುತ್ತಾರೆ. ನಾಸ್ಲರ್ ಅಕ್ಯುಬಾಂಡ್, ಫೆಡರಲ್ ಫ್ಯೂಷನ್, ಸ್ವಿಫ್ಟ್ ಸಿರೋಕೋ. ಸ್ವಿಫ್ಟ್ ಎ-ಫ್ರೇಮ್‌ನಲ್ಲಿ ಬೆಸುಗೆಯೂ ಇದೆ, ಪಾರ್ಟಿಷನ್ ಥರ ಅಡ್ಡಗೋಡೆಯೂ ಇದೆ, ಮೂಳೆಗೆ ಹೆದರುವ ಗುಂಡೇ ಅಲ್ಲ. ಒಂದೇ ರೈಫಲ್, ಒಂದೇ ಡಬ್ಬ, ಜಿಂಕೆಯಿಂದ ಮೂಸ್‌ವರೆಗೂ ಆಗಬೇಕು ಅಂತ ಯಾರಾದರೂ ಕೇಳಿದರೆ ನಾನು ಕಣ್ಣುಮುಚ್ಚಿ ಬಾಂಡೆಡ್ ತಗೊಳ್ಳಿ ಅನ್ನುತ್ತೇನೆ.

ನಾಲ್ಕನೆಯದು ಪೂರ್ತಿ ತಾಮ್ರದ್ದು, ಅಥವಾ ತಾಮ್ರದ ಮಿಶ್ರಲೋಹದ್ದು. 1989ರಲ್ಲಿ ಬಾರ್ನ್ಸ್ ಎಕ್ಸ್ ಬಂದ ಮೇಲೆ ಇದು ಜನಕ್ಕೆ ಗೊತ್ತಾಯಿತು. ಈಗ ಬಾರ್ನ್ಸ್ ಟಿಟಿಎಸ್‌ಎಕ್ಸ್, ಹಾರ್ನಡಿ ಸಿಎಕ್ಸ್, ನಾಸ್ಲರ್ ಇ-ಟಿಪ್ ಎಲ್ಲ ಇವೆ. ಮೂತಿಯಲ್ಲಿ ಒಂದು ತೂತು, ತಾಗಿದಾಗ ಅದು ನಾಲ್ಕು ದಳವಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ತೂಕ ಬಹುತೇಕ ಪೂರ್ತಿ ಉಳಿಯುತ್ತದೆ, ಆಳಕ್ಕೆ ಹೋಗುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ವೇಗ ಬೇಕೇಬೇಕು, ನಿಧಾನವಾದರೆ ದಳ ಬಿಚ್ಚಿಕೊಳ್ಳುವುದಿಲ್ಲ. ಇನ್ನೊಂದು, ಇದು ಪ್ರಾಣಿಯನ್ನು ದಾಟಿ ಆಚೆ ಹೋಗುವುದು ಜಾಸ್ತಿ. ಹಿಂಡಿನಲ್ಲಿ ಹಿಂದೆ ಇನ್ನೊಂದು ಜಿಂಕೆ ನಿಂತಿದ್ದರೆ ಹೊಡೆಯಲೇಬೇಡಿ. ಹಿಂದೆ ಮಣ್ಣಿನ ದಿಬ್ಬ ಇದೆಯಾ ಅಂತ ಯಾವ ಗುಂಡಾದರೂ ನೋಡಬೇಕು, ಇದಕ್ಕೆ ಎರಡು ಸಲ ನೋಡಿ.

ಸೀಸವೋ ತಾಮ್ರವೋ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ, ಆದರೆ ಎರಡು ವಿಷಯ ತಿಳಿದಿರಲಿ. ಸೀಸದ ಸಣ್ಣ ಚೂರುಗಳು ಗಾಯದ ದಾರಿಯಿಂದ ಎಷ್ಟೋ ಇಂಚು ದೂರದ ಮಾಂಸದಲ್ಲೂ ಎಕ್ಸ್-ರೇಯಲ್ಲಿ ಕಂಡಿವೆ, ಕಣ್ಣಿಗೆ ಕಾಣುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿಯರು ಆ ಮಾಂಸ ತಿನ್ನುತ್ತಾರೆ ಅಂದರೆ ನಾನು ತಾಮ್ರಕ್ಕೇ ಹೋಗುತ್ತೇನೆ. ಕಾಡಿನಲ್ಲಿ ಬಿಟ್ಟು ಬಂದ ಕರುಳನ್ನು ತಿಂದು ಹದ್ದು, ದೊಡ್ಡ ರಣಹದ್ದುಗಳಾದ ಕಾಂಡೋರ್‌ಗಳು ಸೀಸದ ವಿಷದಿಂದ ಸಾಯುತ್ತವೆ. ಕ್ಯಾಲಿಫೋರ್ನಿಯಾದ ನಿಷೇಧ ಮೊದಲು ಕಾಂಡೋರ್ ಇರುವ ಪ್ರದೇಶದಲ್ಲೇ ಶುರುವಾಗಿದ್ದು.

ಬೇಡವೇ ಬೇಡ ಅನ್ನುವ ಎರಡು ಜಾತಿ ಇವೆ. ಒಂದು ಮ್ಯಾಚ್ ಗುಂಡು, ಗುರಿ ಸ್ಪರ್ಧೆಯದ್ದು. ಸಿಯೆರಾ ಕಂಪನಿಯೇ ತನ್ನ ಮ್ಯಾಚ್‌ಕಿಂಗ್ ಅನ್ನು ಬೇಟೆಗೆ ಬಳಸಬೇಡಿ ಅನ್ನುತ್ತದೆ. ಇನ್ನೊಂದು ವಾರ್ಮಿಂಟ್ ಗುಂಡು, ಇಲಿ ಮೊಲದ ಗಾತ್ರದ ಪ್ರಾಣಿಗೆ ಮಾಡಿದ್ದು, ತಾಗಿದ ಕೂಡಲೇ ಪುಡಿಪುಡಿ. .243 ಕೊಳ್ಳುವವರು ಇಲ್ಲಿ ಹುಷಾರು. ಒಂದೇ ಕಪಾಟಿನಲ್ಲಿ 55 ಗ್ರೇನ್‌ನದ್ದೂ ಇರುತ್ತದೆ, 100 ಗ್ರೇನ್‌ನದ್ದೂ ಇರುತ್ತದೆ, ಡಬ್ಬದ ಬಣ್ಣವೂ ಒಂದೇ ಥರ. ಜಿಂಕೆಗೆ 90ರಿಂದ 100 ಗ್ರೇನ್‌ನದ್ದು, ಡಬ್ಬದ ಮೇಲೆ ಬೇಟೆಯ ಗುಂಡು ಅಂತ ಸ್ಪಷ್ಟವಾಗಿ ಇರುವುದು ತಗೊಳ್ಳಿ.

ಹೆಜ್ಜೆ 6: ತೂಕ ನಿರ್ಧರಿಸಿ

ಗುಂಡಿನ ತೂಕ ಗ್ರೇನ್‌ನಲ್ಲಿ ಹೇಳುತ್ತಾರೆ. 7,000 ಗ್ರೇನ್ ಒಂದು ಪೌಂಡ್, 150 ಗ್ರೇನ್ ಅಂದರೆ 9.7 ಗ್ರಾಂ. ಒಂದೇ ಅಗಲದಲ್ಲಿ ತೂಕ ಜಾಸ್ತಿಯಾದರೆ ಗುಂಡು ಉದ್ದವಾಗುತ್ತದೆ, ಒಳಗೆ ಜಾಸ್ತಿ ನುಗ್ಗುತ್ತದೆ. ಇದನ್ನು ಅಳೆಯುವುದಕ್ಕೆ ಸೆಕ್ಷನಲ್ ಡೆನ್ಸಿಟಿ ಅಂತ ಒಂದು ಸಂಖ್ಯೆ ಇದೆ: ಪೌಂಡ್ ತೂಕವನ್ನು ಇಂಚಿನ ಅಗಲದ ವರ್ಗದಿಂದ ಭಾಗಿಸಿ. .308ರ 150 ಗ್ರೇನ್‌ಗೆ 0.226, 180ಕ್ಕೆ 0.271, 6.5 ಮಿ.ಮೀ.ಯ 140 ಗ್ರೇನ್‌ಗೆ 0.287. ಸಣ್ಣಗೆ ಕಾಣುವ 6.5 ಯಾಕೆ ಅಷ್ಟು ಒಳಗೆ ಹೋಗುತ್ತದೆ ಅಂತ ಈಗ ಗೊತ್ತಾಯಿತಲ್ವಾ. ಆದರೆ ಈ ಸಂಖ್ಯೆ ತಾಗುವ ಮೊದಲಿನದ್ದು. ಅರಳಿ ಅರ್ಧ ತೂಕ ಕಳೆದುಕೊಂಡ ಗುಂಡಿಗೆ ಅದು ಅನ್ವಯಿಸುವುದಿಲ್ಲ, ಹಾಗಾಗಿ ಒಂದೇ ಜಾತಿಯ ಗುಂಡುಗಳನ್ನು ಹೋಲಿಸುವುದಕ್ಕೆ ಮಾತ್ರ ಬಳಸಿ.

ನನ್ನ ಸಲಹೆ ಹೀಗಿದೆ. .243ಗೆ 95-100, .270ಗೆ 130-150, 6.5 ಕ್ರೀಡ್‌ಮೂರ್‌ಗೆ 129-143. .308ರಲ್ಲಿ ಜಿಂಕೆಗೆ 150, ಎಲ್ಕ್‌ಗೆ 165 ಅಥವಾ 180. .30-06 ಕೂಡ ಹೆಚ್ಚುಕಮ್ಮಿ ಹಾಗೇ. .300 ಮ್ಯಾಗ್ನಮ್‌ಗೆ 180ಕ್ಕಿಂತ ಕೆಳಗೆ ಹೋಗುವುದಾದರೆ ಬಾಂಡೆಡ್ ಇಲ್ಲವೇ ತಾಮ್ರ. ಇವೆಲ್ಲ ಸೀಸದ ಗುಂಡಿನ ಲೆಕ್ಕ. ತಾಮ್ರಕ್ಕೆ ಹೋಗುವಾಗ ಒಂದು ಮೆಟ್ಟಿಲು ಇಳಿಯಿರಿ, 165 ಬಳಸುತ್ತಿದ್ದವರು 150 ಅಥವಾ 130. ತೂಕ ಉಳಿಯುವುದರಿಂದ ಆಳಕ್ಕೆ ಕೊರತೆ ಆಗುವುದಿಲ್ಲ, ಹಗುರವಾದ್ದರಿಂದ ವೇಗ ಜಾಸ್ತಿ, ಆ ವೇಗವೇ ತಾಮ್ರ ಅರಳುವುದಕ್ಕೆ ಬೇಕಾಗಿರುವುದು.

ಬಿ.ಸಿ. ಅಂದರೆ ಬ್ಯಾಲಿಸ್ಟಿಕ್ ಕೋಎಫಿಷಿಯೆಂಟ್, ಗಾಳಿಯನ್ನು ಎಷ್ಟು ಚೆನ್ನಾಗಿ ಸೀಳುತ್ತದೆ ಅನ್ನುವ ಅಳತೆ. ಆ 150 ಗ್ರೇನ್ .308 ಗುಂಡು ಗಂಟೆಗೆ 10 ಮೈಲಿ ಅಡ್ಡಗಾಳಿಗೆ 300 ಗಜದಲ್ಲಿ ಸುಮಾರು 10 ಇಂಚು ಪಕ್ಕಕ್ಕೆ ಸರಿಯುತ್ತದೆ. ಜಿಂಕೆಯ ಹೃದಯ-ಶ್ವಾಸಕೋಶದ ಜಾಗ ಅಂದಾಜು 8 ಇಂಚು ಅಗಲ. ಅಷ್ಟು ದೂರ ಹೊಡೆಯುವವರಿಗೆ ಬಿ.ಸಿ. ಮುಖ್ಯ. 200 ಗಜದೊಳಗೆ ಹೊಡೆಯುವವರು ಇದನ್ನು ಮರೆತೇಬಿಡಿ. ಒಂದು ಎಚ್ಚರ, ಜಿ1, ಜಿ7 ಅಂತ ಎರಡು ಅಳತೆ ಇವೆ, ಒಂದರ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ.

ಹೆಜ್ಜೆ 7: ನಿಮ್ಮ ನಳಿಗೆಗೆ ಹೊಂದುತ್ತದಾ ನೋಡಿ

ಮೊದಲು ಸುರಕ್ಷತೆ. ನಳಿಗೆಯ ಮೇಲೆ ಕೆತ್ತಿರುವ ಹೆಸರು, ತೋಟಾದ ಬುಡದಲ್ಲಿ ಒತ್ತಿರುವ ಹೆಸರು ಎರಡೂ ಅಕ್ಷರಶಃ ಒಂದೇ ಇರಬೇಕು. .300 ಬ್ಲ್ಯಾಕೌಟ್ ತೋಟಾ .223 ರೈಫಲ್‌ಗೆ ತುಂಬಿಕೊಂಡು ರೈಫಲ್ಲೇ ಸಿಡಿದ ಘಟನೆಗಳು ನಡೆದಿವೆ. ಎರಡೂ ಇರುವ ಮನೆಯಲ್ಲಿ ಬೇರೆ ಬೇರೆ ಪೆಟ್ಟಿಗೆಯಲ್ಲಿಡಿ.

ಆಮೇಲೆ ತಿರುವು. ನಳಿಗೆಯ ಒಳಗಿನ ಸುರುಳಿ ಗೆರೆ ಗುಂಡನ್ನು ತಿರುಗಿಸುತ್ತದೆ. 1:10 ಅಂದರೆ 10 ಇಂಚಿಗೆ ಒಂದು ಸುತ್ತು. ಗುಂಡು ಉದ್ದವಾದಷ್ಟೂ ಬೇಗ ತಿರುಗಬೇಕು. ಇಲ್ಲಿ ಮುಖ್ಯವಾದ್ದು ಉದ್ದ, ತೂಕವಲ್ಲ. ತಾಮ್ರ ಸೀಸಕ್ಕಿಂತ ಹಗುರ ಲೋಹವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಹಳೇ .270 ರೈಫಲ್‌ಗಳ 1:10 ತಿರುವಿಗೆ 130, 150 ಸರಿ, 170ರ ಮೇಲಿನ ಹೊಸ ಉದ್ದ ಗುಂಡು ಆಗುವುದಿಲ್ಲ. ಆಗುತ್ತಿಲ್ಲ ಅಂತ ಗೊತ್ತಾಗುವುದು ಕಾಗದದ ಮೇಲೆ: ದುಂಡನೆ ತೂತಿನ ಬದಲು ಮೊಟ್ಟೆಯಾಕಾರದ್ದು, ಇಲ್ಲ ಅಡ್ಡಡ್ಡ ಸೀಳು. ಗುಂಡು ಓಲಾಡಿಕೊಂಡು ಹೋಗಿದೆ ಅಂತ ಅರ್ಥ.

ಹೆಜ್ಜೆ 8: ಮೂರು ಡಬ್ಬ ತಂದು ಹೊಡೆದು ನೋಡಿ

ಇಷ್ಟೆಲ್ಲ ಸೋಸಿದ ಮೇಲೆ ಎರಡು ಮೂರು ಗುಂಡು ಉಳಿದಿರುತ್ತವೆ. ಒಂದೊಂದು ಡಬ್ಬ ಮಾತ್ರ ತನ್ನಿ. ಒಂದೇ ಕ್ಯಾಲಿಬರ್, ಒಂದೇ ಕಂಪನಿಯ ಎರಡು ರೈಫಲ್‌ಗಳಿಗೂ ಬೇರೆ ಬೇರೆ ಗುಂಡು ಹಿಡಿಸುತ್ತದೆ, ಇದಕ್ಕೆ ಲೆಕ್ಕ ಇಲ್ಲ. ಸೀಸದಿಂದ ತಾಮ್ರಕ್ಕೆ ಬದಲಾಯಿಸುವಾಗ ನಳಿಗೆ ಚೆನ್ನಾಗಿ ಉಜ್ಜಿ ಹಳೇ ಮೆತ್ತು ತೆಗೆಯಿರಿ, ಆಮೇಲೆ ಮೊದಲ ಕೆಲವು ಈಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೇಜಿನ ಮೇಲೆ ಚೀಲ ಇಟ್ಟು 100 ಗಜಕ್ಕೆ ಮೂರು ಮೂರು ಈಡು ಹೊಡೆಯಿರಿ, ನಡುವೆ ನಳಿಗೆ ತಣ್ಣಗಾಗಲಿ. ಎಲ್ಲವೂ ಎರಡು ಇಂಚಿನೊಳಗೆ ಬಿದ್ದರೆ ಬೇಟೆಗೆ ಧಾರಾಳ. ಅರ್ಧ ಇಂಚಿಗೆ ಇಳಿಸಬೇಕು ಅಂತ ಡಬ್ಬದ ಮೇಲೆ ಡಬ್ಬ ತರುವವರನ್ನು ನೋಡಿದ್ದೇನೆ, ಅದೇ ತೋಟಾ ಮಂಡಿ ಊರಿ, ಕೋಲಿಗೆ ಆನಿಸಿ, ನಿಂತುಕೊಂಡು ಅಭ್ಯಾಸಕ್ಕೆ ಖರ್ಚಾಗಿದ್ದರೆ ಎಷ್ಟೋ ಉಪಯೋಗ ಆಗುತ್ತಿತ್ತು. ಹೊಡೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದೆ, ಹೆಗಲು ಹಿಂದಕ್ಕೆ ಎಳೆಯುತ್ತಿದೆ ಅನಿಸಿದರೆ ರೈಫಲ್‌ನ ಒದೆತ ನಿಮಗೆ ಜಾಸ್ತಿಯಾಗಿದೆ. ಹಗುರ ಗುಂಡಿಗೆ ಬನ್ನಿ, ಇದರಲ್ಲಿ ನಾಚಿಕೆ ಏನಿಲ್ಲ.

ಗುಂಡು ಬದಲಾದರೆ ಬೀಳುವ ಜಾಗವೂ ಬದಲಾಗುತ್ತದೆ, ತೂಕ ಒಂದೇ ಇದ್ದರೂ. ಆರಿಸಿದ ಗುಂಡಿಗೇ ಸ್ಕೋಪ್ ಹೊಂದಿಸಿ. 200 ಗಜಕ್ಕೆ ಹೊಂದಿಸಿದರೆ ಆ .308 ಗುಂಡು 300 ಗಜದಲ್ಲಿ ಸುಮಾರು 9 ಇಂಚು ಕೆಳಗೆ ಬೀಳುತ್ತದೆ, ನಿಮ್ಮದು ಎಷ್ಟು ಅಂತ ಹೊಡೆದೇ ನೋಡಿ. ಮೆಚ್ಚಿದ ಗುಂಡು ಸಿಕ್ಕಿತಾ? ಡಬ್ಬದ ಮೇಲಿನ ಲಾಟ್ ನಂಬರ್ ನೋಡಿ ಅದೇ ಲಾಟ್‌ನ ನಾಲ್ಕೈದು ಡಬ್ಬ ಒಟ್ಟಿಗೆ ಕೊಳ್ಳಿ. ಲಾಟ್ ಬದಲಾದರೆ ಮತ್ತೆ ಪರೀಕ್ಷೆ.

ಹೆಜ್ಜೆ 9: ಬೇಟೆಯ ನಂತರ ಗಾಯ ಓದಿ

ಚರ್ಮ ಸುಲಿಯುವಾಗ ಅವಸರ ಮಾಡಬೇಡಿ. ಒಳಗೆ ಹೋದ ತೂತು, ಆಚೆ ಬಂದ ತೂತು ಎರಡನ್ನೂ ಹುಡುಕಿ. ಗುಂಡು ಒಳಗೇ ಉಳಿದಿದ್ದರೆ ಸಾಮಾನ್ಯವಾಗಿ ಆಚೆ ಬದಿಯ ತೊಗಲಿನ ಒಳಗೆ ಗಂಟಿನ ಹಾಗೆ ಕೈಗೆ ಸಿಗುತ್ತದೆ. ತೊಳೆದು ತೂಗಿ ನೋಡಿ, 150 ಗ್ರೇನ್‌ನದ್ದು ಎಷ್ಟು ಉಳಿದಿದೆ. ಪ್ರಾಣಿ ಎಷ್ಟು ದೂರ ಓಡಿತು, ರಕ್ತದ ಜಾಡು ಎಲ್ಲಿಂದ ಶುರುವಾಯಿತು, ಎಷ್ಟು ಗಜದಿಂದ ಹೊಡೆದಿದ್ದು, ಎಲ್ಲ ಬರೆದಿಡಿ.

ಶ್ವಾಸಕೋಶದಲ್ಲಿ ಬೆರಳು ಮಾತ್ರ ತೂರುವಷ್ಟು ದಾರಿ, ಆಚೆಯ ತೂತೂ ಸಣ್ಣದು, ಜಾಡು ತೆಳು ಅಂದರೆ ಗುಂಡು ಅರಳಿಲ್ಲ. ಒಂದೋ ಆ ದೂರಕ್ಕೆ ವೇಗ ಸಾಲಲಿಲ್ಲ, ಇಲ್ಲ ಆ ಪ್ರಾಣಿಗೆ ಗುಂಡು ಗಟ್ಟಿಯಾಯಿತು. ಹೊರಗಡೆ ದೊಡ್ಡ ಗಾಯ, ಒಳಗೆ ಏನೂ ತಲುಪಿಲ್ಲ, ಕೈಗೆ ಸಿಕ್ಕಿದ್ದು ಬರೀ ಹೊದಿಕೆ ಅಂದರೆ ಮೆತ್ತಗಾಯಿತು: ಅದೇ ತೂಕದ ಬಾಂಡೆಡ್‌ಗೆ ಹೋಗಿ, ಇಲ್ಲ ಅದೇ ಗುಂಡಿನ ಭಾರದ ತೂಕಕ್ಕೆ. ಎರಡೂ ಅಲ್ಲ, ಪಕ್ಕೆಲುಬಿನಲ್ಲಿ ನಾಣ್ಯದಗಲದ ತೂತು ಆಚೆ ಬಂದಿದೆ, ಐವತ್ತು ಗಜದೊಳಗೆ ಬಿದ್ದಿದೆ ಅಂದರೆ ಮುಂದಿನ ವರ್ಷವೂ ಅದೇ ಡಬ್ಬ, ಹೊಸ ಬುಲೆಟ್‌ಗಳ ಜಾಹೀರಾತು ನೋಡುವುದು ಬಿಡಿ.